ಅನ್ಯಾಯದ ಲೆಕ್ಕ ಬರೆದಿಟ್ಟ ಖಾಝಿ: ಇಬ್ನ್ ಖಲ್ದೂನ್

ನಮ್ಮ ಮಂಗಳೂರಿಗೆ ಇಬ್ನ್ ಬತೂತ ಬಂದು ಹೋದ ಕಥೆ ಹೆಚ್ಚಿನವರಿಗೆ ಗೊತ್ತು. 1340ರ ದಶಕದ ಆರಂಭದಲ್ಲಿ ಇಲ್ಲಿಗೆ ಬಂದ ಅವರು ಸುಮಾರು 4,000 ಮುಸ್ಲಿಮರು ಇಲ್ಲಿದ್ದರು ಅಂತ ತಮ್ಮ ಪ್ರವಾಸ ಕಥನದಲ್ಲಿ ಹೇಳಿದ್ದಾರೆ. ಊರಿಗೆ ವಾಪಸಾಗಿ ಮೊರಾಕ್ಕೊದ ಫೆಝ್ ನಗರದ ಅರಮನೆಯಲ್ಲಿ ಹಿಂದೂಸ್ತಾನದ ಸುದ್ದಿ ಹೇಳಿದಾಗ ಜನ ನಂಬಲೇ ಇಲ್ಲ. ದಿಲ್ಲಿ ಸುಲ್ತಾನನ ಸಂಪತ್ತಿನ ಮಾತು ಕೇಳಿ, ಇವರು ಬುರುಡೆ ಬಿಡ್ತಾರೆ ಅಂತ ಪಿಸುಗುಟ್ಟಿದರು.

ಆಗ ಅದೇ ಅರಮನೆಯಲ್ಲಿ ಇಪ್ಪತ್ತರ ಹರೆಯದ ಒಬ್ಬ ಗುಮಾಸ್ತ ಇದ್ದ. ಅವನಿಗೂ ನಂಬಿಕೆ ಬರಲಿಲ್ಲ. ವಝೀರರ ಹತ್ತಿರ ಹೋಗಿ ಸಂಶಯ ಹೇಳಿಕೊಂಡ. ಅವರು ಒಂದು ಕಥೆ ಹೇಳಿದರು. ಜೈಲಿನಲ್ಲೇ ಬೆಳೆದ ಹುಡುಗನೊಬ್ಬ ಆಡಿನ ಬಗ್ಗೆ ಕೇಳಿದಾಗಲೆಲ್ಲ ಅದೂ ಇಲಿಯ ಹಾಗೆಯೇ ಇರಬೇಕು ಅಂದುಕೊಳ್ಳುತ್ತಿದ್ದನಂತೆ. ಅವನು ಹುಟ್ಟಿದ ಮೇಲೆ ಕಂಡ ಪ್ರಾಣಿ ಇಲಿ ಒಂದೇ. ಕಾಣದ್ದನ್ನೆಲ್ಲ ಸುಳ್ಳು ಅನ್ನಬಾರದು, ಕೇಳಿದ್ದನ್ನೆಲ್ಲ ನಂಬಲೂ ಬಾರದು, ತೂಗಿ ನೋಡಬೇಕು ಎಂಬ ಪಾಠ ಗುಮಾಸ್ತನಿಗೆ ಸಿಕ್ಕಿತು. ಆ ಗುಮಾಸ್ತನೇ ಅಬ್ದುರ್ರಹ್ಮಾನ್ ಇಬ್ನ್ ಖಲ್ದೂನ್. ಈ ಕಥೆಯನ್ನು ಮುಂದೆ ಅವರೇ ತಮ್ಮ ಪ್ರಸಿದ್ಧ ಕೃತಿ 'ಮುಕದ್ದಿಮ'ದಲ್ಲಿ ಬರೆದಿಟ್ಟರು.

ಇಬ್ನ್ ಖಲ್ದೂನ್ ಹುಟ್ಟಿದ್ದು ಹಿಜರಿ 732ರ ರಮಝಾನ್‌ನಲ್ಲಿ, ಅಂದರೆ 1332ರಲ್ಲಿ, ಟ್ಯುನಿಸ್ ನಗರದಲ್ಲಿ. ಹಿರಿಯರ ಮೂಲ ಯಮನಿನ ಹದ್ರಮೌತ್. ಅಲ್ಲಿಂದ ಸ್ಪೇನಿಗೆ ಹೋಗಿ ಸೆವಿಲ್ಲೆಯಲ್ಲಿ ದೊಡ್ಡ ಮನೆತನವಾಗಿ ಬಾಳಿದವರು. ಕ್ರೈಸ್ತ ರಾಜರು ಸೆವಿಲ್ಲೆ ಗೆಲ್ಲುವ ಹೊತ್ತಿಗೆ ಊರು ಬಿಟ್ಟು ಟ್ಯುನಿಸ್ ಸೇರಿದ್ದರು. ತಂದೆ ರಾಜಕೀಯದ ಗೊಡವೆಯೇ ಬೇಡವೆಂದು ಓದಿನಲ್ಲೇ ಇದ್ದವರು. ಮಗ ಕುರ್‌ಆನ್ ಕಂಠಪಾಠ ಮಾಡಿದ, ಫಿಕ್ಹ್ ಓದಿದ, ಅಲ್ ಆಬಿಲಿ ಎಂಬ ಉಸ್ತಾದರಲ್ಲಿ ಗಣಿತ, ತರ್ಕ ಕಲಿತ.

17 ವರ್ಷ ಆಗುವಾಗ ಪ್ಲೇಗ್ ಬಂತು. 1348-49ರ ಆ ಮಹಾಮಾರಿ ತಂದೆ ತಾಯಿ ಇಬ್ಬರನ್ನೂ ಕೊಂಡು ಹೋಯಿತು. ಪಾಠ ಹೇಳಿದ ಉಸ್ತಾದರಲ್ಲಿ ಅನೇಕರು ತೀರಿಕೊಂಡರು. ನಿನ್ನೆ ತನಕ ಗಿಜಿಗುಡುತ್ತಿದ್ದ ಬೀದಿಗಳು ಖಾಲಿಯಾದದ್ದನ್ನು ಆ ಹುಡುಗ ಕಣ್ಣಾರೆ ಕಂಡ. ಊರುಗಳು ಯಾಕೆ ಬೆಳೆಯುತ್ತವೆ, ಯಾಕೆ ಹಾಳಾಗುತ್ತವೆ ಎಂಬ ಪ್ರಶ್ನೆ ಅವರನ್ನು ಕೊನೆಯ ತನಕ ಬಿಡಲಿಲ್ಲ.

ಮುಂದಿನ 25 ವರ್ಷ ಅವರ ಬದುಕು ಅರಮನೆಯಿಂದ ಅರಮನೆಗೆ ಓಡಿದ ಕಥೆ. ಟ್ಯುನಿಸ್, ಫೆಝ್, ಗ್ರನಾಡ, ಬಿಜಾಯ, ಬಿಸ್ಕ್ರಾ. ಇದನ್ನು ಮುಚ್ಚಿಡುವ ಅಗತ್ಯ ಇಲ್ಲ, ಅವರು ಪಕ್ಷ ಬದಲಾಯಿಸಿದವರೇ. ಇಂದು ಒಬ್ಬ ಸುಲ್ತಾನನ ಕಡೆ, ನಾಳೆ ಅವನ ವೈರಿಯ ಕಡೆ. ಅದಕ್ಕೆ ಬೆಲೆಯನ್ನೂ ತೆತ್ತರು. ಪಿತೂರಿಯ ಆರೋಪದಲ್ಲಿ ಫೆಝ್‌ನ ಸುಲ್ತಾನ ಅಬೂ ಇನಾನ್ ಅವರನ್ನು 1357ರಲ್ಲಿ ಜೈಲಿಗೆ ಹಾಕಿದ. ಸುಮಾರು ಎರಡು ವರ್ಷದ ಬಳಿಕ ಸುಲ್ತಾನ ಸತ್ತ ಮೇಲೆಯೇ ಬಿಡುಗಡೆ.

1364ರಲ್ಲಿ ಗ್ರನಾಡದ ರಾಯಭಾರಿಯಾಗಿ ಸೆವಿಲ್ಲೆಗೆ ಹೋದರು. ಅಲ್ಲಿನ ಕ್ರೈಸ್ತ ರಾಜ ಪೆಡ್ರೊ, ನನ್ನ ಹತ್ತಿರವೇ ನಿಂತರೆ ನಿಮ್ಮ ಹಿರಿಯರ ಆಸ್ತಿಯನ್ನೆಲ್ಲ ವಾಪಸ್ ಕೊಡುತ್ತೇನೆ ಅಂದ. ಅವರು ಒಪ್ಪಲಿಲ್ಲ. ಹತ್ತು ವರ್ಷದ ಬಳಿಕ ಅವರ ಆಪ್ತ, ಗ್ರನಾಡದ ವಝೀರ ಮತ್ತು ಕವಿ ಇಬ್ನುಲ್ ಖತೀಬ್‌ರನ್ನು ಫೆಝ್‌ನ ಜೈಲಿನಲ್ಲಿ ಕತ್ತು ಹಿಸುಕಿ ಕೊಂದರು. ಗೆಳೆಯನನ್ನು ಉಳಿಸಲು ಇಬ್ನ್ ಖಲ್ದೂನ್ ಮಾಡಿದ ಪ್ರಯತ್ನ ಫಲಿಸಲಿಲ್ಲ.

ಸಾಕು ಸಾಕಾಗಿ 1375ರಲ್ಲಿ ಹೆಂಡತಿ ಮಕ್ಕಳ ಜೊತೆ ಈಗಿನ ಅಲ್ಜೀರಿಯಾದ ಒಳನಾಡಿನ ಇಬ್ನ್ ಸಲಾಮ ಎಂಬ ಕೋಟೆಗೆ ಹೋಗಿಬಿಟ್ಟರು. ನಾಲ್ಕು ವರ್ಷ ಅಲ್ಲೇ. ಗ್ರಂಥಾಲಯ ಇಲ್ಲ, ದರ್ಬಾರು ಇಲ್ಲ. ನೆನಪಿನಲ್ಲಿ ಇದ್ದದ್ದನ್ನೇ ನೆಚ್ಚಿ 1377ರಲ್ಲಿ ಐದು ತಿಂಗಳಲ್ಲಿ 'ಮುಕದ್ದಿಮ'ದ ಮೊದಲ ಕರಡು ಮುಗಿಸಿದರು. ಅದು ಲೋಕ ಚರಿತ್ರೆಗೆ ಬರೆದ ಪೀಠಿಕೆ. ಆದರೆ ಪೀಠಿಕೆಯೇ ಚರಿತ್ರೆಗಿಂತ ದೊಡ್ಡ ಹೆಸರು ಮಾಡಿತು.

ಅದರಲ್ಲಿ ಏನಿದೆ ಅಂತ ಕೇಳಬಹುದು. ಮೊದಲನೆಯದು ಅಸಬಿಯ್ಯ. ಒಂದು ಕೂಟದ ಜನ ಒಬ್ಬರಿಗಾಗಿ ಒಬ್ಬರು ನಿಲ್ಲುವ ಒಗ್ಗಟ್ಟು. ಬರಗಾಲದ ನಾಡಿನಲ್ಲಿ ಕಷ್ಟ ಹಂಚಿಕೊಂಡು ಬೆಳೆದವರಲ್ಲಿ ಇದು ಗಟ್ಟಿ ಇರುತ್ತದೆ. ಅವರು ರಾಜ್ಯ ಕಟ್ಟುತ್ತಾರೆ. ಮಕ್ಕಳು ಅದನ್ನು ಉಳಿಸಿಕೊಳ್ಳುತ್ತಾರೆ. ಮೊಮ್ಮಕ್ಕಳಿಗೆ ಕಷ್ಟದ ನೆನಪೇ ಇರುವುದಿಲ್ಲ. ಸುಖ ಜಾಸ್ತಿಯಾಗಿ ಒಗ್ಗಟ್ಟು ಸಡಿಲಾಗುತ್ತದೆ, ಕಾವಲಿಗೆ ಕೂಲಿಯವರನ್ನು ಇಡಬೇಕಾಗುತ್ತದೆ. ಸಾಮಾನ್ಯವಾಗಿ ಮೂರು ತಲೆಮಾರು, ಅಂದರೆ ಸುಮಾರು 120 ವರ್ಷ ಒಂದು ಮನೆತನದ ಆಳ್ವಿಕೆಯ ಆಯುಷ್ಯ ಎಂಬುದು ಅವರ ಲೆಕ್ಕ.

ಎರಡನೆಯದು ದುಡಿಮೆ. ಒಬ್ಬನೇ ಮನುಷ್ಯ ತನ್ನ ಒಂದು ಹೊತ್ತಿನ ರೊಟ್ಟಿಯನ್ನೂ ತಾನೇ ಮಾಡಿಕೊಳ್ಳಲಾರ. ಉಳುವವನು ಬೇಕು, ನೇಗಿಲು ಮಾಡುವ ಬಡಗಿ, ಕಮ್ಮಾರ ಬೇಕು, ಬೀಸುವವರು, ಸುಡುವವರು ಬೇಕು. ಆದರೆ ಇವರೆಲ್ಲ ಸೇರಿದರೆ ತಮಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬೆಳೆಯುತ್ತಾರೆ. ಆ ಹೆಚ್ಚಿನದ್ದೇ ಪೇಟೆ, ಕಸುಬು, ವಿದ್ಯೆ ಎಲ್ಲ ಆಗುತ್ತದೆ. ಹಾಗಾಗಿ ನಾಡಿನ ಸಂಪತ್ತು ಎಂದರೆ ಖಜಾನೆಯ ಚಿನ್ನ ಅಲ್ಲ, ಜನರ ದುಡಿಮೆ. ಆಡಂ ಸ್ಮಿತ್ ಇದನ್ನು ಬರೆಯುವ ಸುಮಾರು 400 ವರ್ಷ ಮೊದಲಿನ ಮಾತು ಇದು.

ಮೂರನೆಯದು ತೆರಿಗೆ. ಹೊಸ ಸರಕಾರ ಕಡಿಮೆ ತೆರಿಗೆ ಹಾಕುತ್ತದೆ. ಜನ ಹುರುಪಿನಿಂದ ದುಡಿಯುತ್ತಾರೆ, ಖಜಾನೆ ತುಂಬುತ್ತದೆ. ದರ್ಬಾರಿನ ಖರ್ಚು ಬೆಳೆದ ಹಾಗೆ ತೆರಿಗೆ ಏರುತ್ತದೆ. ದುಡಿದು ಏನು ಲಾಭ ಅಂತ ಜನ ಕೈ ಕಟ್ಟಿ ಕೂರುತ್ತಾರೆ, ಖಜಾನೆ ಬರಿದಾಗುತ್ತದೆ. ಅಮೆರಿಕದ ಅಧ್ಯಕ್ಷ ರೇಗನ್ 1981ರಲ್ಲಿ ತಮ್ಮ ತೆರಿಗೆ ಕಡಿತಕ್ಕೆ ಇಬ್ನ್ ಖಲ್ದೂನ್ ಹೆಸರು ಹೇಳಿದ್ದು ಇದಕ್ಕೇ. ಆದರೆ ಉಳಿದರ್ಧವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಸರಕಾರವೇ ಅತಿ ದೊಡ್ಡ ಮಾರುಕಟ್ಟೆ, ಅದು ಹಣ ಹಿಡಿದಿಟ್ಟುಕೊಂಡು ಖರ್ಚು ಮಾಡದಿದ್ದರೆ ಪೇಟೆಗಳು ಒಣಗುತ್ತವೆ ಅಂತಲೂ ಅವರು ಬರೆದಿದ್ದಾರೆ. ಆಳುವವನೇ ಅಂಗಡಿ ತೆರೆದು ವ್ಯಾಪಾರಕ್ಕೆ ಇಳಿದರೆ ಸಣ್ಣ ವ್ಯಾಪಾರಿ, ರೈತ ಇಬ್ಬರೂ ಮುಳುಗುತ್ತಾರೆ ಅಂತ ಎಚ್ಚರಿಸಿದ್ದಾರೆ.

ನಾಲ್ಕನೆಯದೇ ಎಲ್ಲದರ ಬೇರು, ಅನ್ಯಾಯ. ಅನ್ಯಾಯ ಅಂದರೆ ಆಸ್ತಿ ಕಿತ್ತುಕೊಳ್ಳುವುದು ಮಾತ್ರ ಅಲ್ಲ. ಬಿಟ್ಟಿ ದುಡಿಸುವುದು, ಇಲ್ಲದ ಬಾಕಿ ಕೇಳುವುದು, ಬಡವನ ಮಾಲು ಬಲವಂತದಿಂದ ಅಗ್ಗಕ್ಕೆ ಕೊಂಡು ಅವನಿಗೇ ದುಬಾರಿಗೆ ಮಾರುವುದು ಎಲ್ಲವೂ ಅನ್ಯಾಯವೇ. ಇದರಲ್ಲಿ ಬಿಟ್ಟಿ ದುಡಿಸುವುದನ್ನು ಅತಿ ದೊಡ್ಡ ಅನ್ಯಾಯಗಳ ಸಾಲಿಗೆ ಸೇರಿಸಿದರು. ಬಡವನಿಗೆ ಇರುವ ಬಂಡವಾಳ ಅವನ ರಟ್ಟೆ ಒಂದೇ ಅಲ್ವಾ? ಅದಕ್ಕೆ ಅವರು ಹಳೆಯ ಪರ್ಶಿಯಾದ ಒಂದು ಕಥೆ ಎತ್ತಿಕೊಂಡರು. ಗೂಬೆಯೊಂದು ಮದುವೆಯಾಗಲು ಬಂದಾಗ ಹೆಣ್ಣು ಗೂಬೆ 20 ಪಾಳುಬಿದ್ದ ಹಳ್ಳಿ ಕೇಳಿತಂತೆ. ಈ ರಾಜನ ಆಳ್ವಿಕೆ ಹೀಗೇ ನಡೆದರೆ 1,000 ಕೊಡಬಹುದು ಅಂತ ಗಂಡು ಗೂಬೆ ಒಪ್ಪಿತಂತೆ. ಕಥೆ ಕೇಳಿದ ರಾಜ ಕಿತ್ತುಕೊಂಡ ಹೊಲಗಳನ್ನು ರೈತರಿಗೆ ಮರಳಿಸಿದ.

ಬರೆದದ್ದನ್ನು ಬದುಕಿನಲ್ಲಿ ಪರೀಕ್ಷಿಸುವ ಕಾಲ ಕೈರೋದಲ್ಲಿ ಬಂತು. 1382ರಲ್ಲಿ ಹಜ್ಜ್‌ಗೆಂದು ಹೊರಟವರು ಈಜಿಪ್ಟ್‌ನಲ್ಲಿ ನೆಲೆ ನಿಂತರು, ಅಲ್ ಅಝ್‌ಹರ್‌ನಲ್ಲಿ ಪಾಠ ಹೇಳಿದರು. 1384ರಲ್ಲಿ ಸುಲ್ತಾನ ಬರ್‌ಕೂಕ್ ಅವರನ್ನು ಮಾಲಿಕಿ ಮದ್‌ಹಬ್‌ನ ಮುಖ್ಯ ಖಾಝಿ ಮಾಡಿದ. ಸುಳ್ಳು ಸಾಕ್ಷಿ ಹೇಳಿ ಹೊಟ್ಟೆ ಹೊರೆಯುವವರನ್ನು, ಶಿಫಾರಸು ಹಿಡಿದು ಬರುವ ಅಮೀರರನ್ನು ಅವರು ಹತ್ತಿರ ಸೇರಿಸಲಿಲ್ಲ. ದೂರುಗಳ ಮಳೆ ಸುರಿಯಿತು. ಅದೇ ಹೊತ್ತಿಗೆ ಟ್ಯುನಿಸ್‌ನಿಂದ ಬರುತ್ತಿದ್ದ ಕುಟುಂಬದ ಹಡಗು ಅಲೆಕ್ಸಾಂಡ್ರಿಯಾ ಹತ್ತಿರ ಮುಳುಗಿತು. ಮನೆಯವರನ್ನು ಸಮುದ್ರ ಕೊಂಡು ಹೋಯಿತು. ಹುದ್ದೆಯೂ ಹೋಯಿತು. ಮತ್ತೆ ಆ ಕುರ್ಚಿ ಸಿಗಲು 14 ವರ್ಷ ಬೇಕಾಯಿತು. ಒಟ್ಟು ಆರು ಸಲ ಖಾಝಿಯಾದರು, ಐದು ಸಲ ಹುದ್ದೆ ಕಳಕೊಂಡರು.

1401ರಲ್ಲಿ ತೈಮೂರ್ ದಮಾಸ್ಕಸ್‌ಗೆ ಮುತ್ತಿಗೆ ಹಾಕಿದಾಗ ಅವರು ಅಲ್ಲೇ ಸಿಕ್ಕಿಬಿದ್ದರು. ಸುಮಾರು 69ರ ವಯಸ್ಸಿನಲ್ಲಿ ಹಗ್ಗ ಹಿಡಿದು ಕೋಟೆ ಗೋಡೆಯಿಂದ ಇಳಿದು ತೈಮೂರನ ಡೇರೆಗೆ ಹೋದರು. ತೈಮೂರ್ ಕೇಳಿದನೆಂದು ಮಗ್ರಿಬ್ ನಾಡಿನ ವಿವರ ಬರೆದುಕೊಟ್ಟರು. ಅಲ್ಲಿ ಉಳಿದಿದ್ದ ಈಜಿಪ್ಟಿನ ಗುಮಾಸ್ತರು, ವಿದ್ವಾಂಸರ ಪ್ರಾಣಕ್ಕೆ ಅಭಯವನ್ನೂ ಪಡೆದರು. ಆದರೆ ದಮಾಸ್ಕಸ್ ಉಳಿಯಲಿಲ್ಲ, ಪಟ್ಟಣಕ್ಕೆ ಬೆಂಕಿ ಬಿತ್ತು. ನಾಡು ಹಾಳಾಗುವ ನಿಯಮ ಬರೆದವರು ಅದನ್ನು ಕಣ್ಣೆದುರೇ ಕಂಡರು, ತಡೆಯಲು ಆಗಲಿಲ್ಲ.

1406ರ ರಮಝಾನ್‌ನಲ್ಲಿ, ಆರನೇ ಸಲ ಖಾಝಿಯಾಗಿದ್ದಾಗಲೇ ತೀರಿಕೊಂಡರು. ಕೈರೋದ ಬಾಬುನ್ನಸ್ರ್ ಹೊರಗಿನ ಸೂಫಿಗಳ ಕಬರಸ್ತಾನದಲ್ಲಿ ದಫನ ನಡೆಯಿತು.

ಅವರು ಬರೆದದ್ದೆಲ್ಲ ಸರಿ ಅಂತಲ್ಲ. ಕರಿಯ ಜನರ ಬಗ್ಗೆ, ಅಲೆಮಾರಿಗಳ ಬಗ್ಗೆ ಬರೆದ ಕೆಲವು ಮಾತುಗಳು ಇಂದು ಒಪ್ಪುವಂಥವಲ್ಲ. ತೂಗಿ ನೋಡಿ ಅಂತ ಕಲಿಸಿದವರನ್ನೂ ತೂಗಿಯೇ ಓದಬೇಕು. ಆದರೂ ಒಂದು ಮಾತು ನಿಲ್ಲುತ್ತದೆ. ಸೇತುವೆ, ಕಟ್ಟಡ, ಬಂದರು ಎಷ್ಟೇ ಎದ್ದರೂ ಕೂಲಿಯವನ ಕೂಲಿ ಬಾಕಿ ಇರುವ ತನಕ ಅದನ್ನು ಅಭಿವೃದ್ಧಿ ಅನ್ನಲು ಅವರ ಲೆಕ್ಕ ಒಪ್ಪುವುದಿಲ್ಲ. ಆ ಲೆಕ್ಕ ಸುಲ್ತಾನರಿಗೆ ಮಾತ್ರ ಅಲ್ಲ, ನಾಲ್ಕು ಮಂದಿಯನ್ನು ದುಡಿಸುವ ಪ್ರತಿ ಅಂಗಡಿಗೂ, ಪ್ರತಿ ಮನೆಗೂ ಅನ್ವಯಿಸುತ್ತದೆ. ಇಂದು ಸಂಜೆ ಅಂಗಡಿ ಮುಚ್ಚುವ ಮೊದಲು ಒಮ್ಮೆ ಅದನ್ನು ತೆಗೆದು ನೋಡಿದರೆ ಆಯಿತು.