ಇಸ್ಸಿಗೋನಿಸ್ ಬಿಟ್ಟುಹೋದ ಅಳತೆ

ದಶಕಗಳು ಕಳೆದರೂ ಹೊಸದಾಗಿಯೇ ಕಾಣುವ ಕಾರುಗಳು ಯಾವುವು ಎಂಬ ಪ್ರಶ್ನೆಗೆ ವಾಹನಪ್ರಿಯರು ಕೊಡುವ ಉತ್ತರ ಬಹುಮಟ್ಟಿಗೆ ಒಂದೇ. 1955ರ ಸಿಟ್ರನ್ ಡಿಎಸ್, 1961ರ ಜಾಗ್ವಾರ್ ಇ-ಟೈಪ್ ಮೊದಲಾದ ಹೆಸರುಗಳು ತಪ್ಪದೆ ಬರುತ್ತವೆ. ಅವು ಚೆಲುವಾದ ಕಾರುಗಳೆಂಬುದರಲ್ಲಿ ಅನುಮಾನವಿಲ್ಲ. ಆದರೆ ನಮ್ಮಲ್ಲಿ ಅವನ್ನು ರಸ್ತೆಯ ಮೇಲೆ ಕಂಡವರಿಗಿಂತ ಚಿತ್ರದಲ್ಲಿ ಕಂಡವರೇ ಹೆಚ್ಚು. ನಿವೃತ್ತಿಯ ನಂತರ ನಾನು ನೆಲೆಸಿರುವ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಇದೇ ಪ್ರಶ್ನೆ ಕೇಳಿಕೊಂಡರೆ ಉತ್ತರ ಬೇರೆಯಾಗುತ್ತದೆ. ಇಲ್ಲಿ ಓಡಾಡುವ ಬಹುತೇಕ ಸಣ್ಣ ಕಾರುಗಳ ಬಾನೆಟ್ ಎತ್ತಿದರೆ ಎಂಜಿನ್ ಅಡ್ಡಲಾಗಿ ಕುಳಿತಿರುತ್ತದೆ. ಅದರ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುತ್ತದೆ. ಈ ಏರ್ಪಾಟನ್ನು ಜಗತ್ತಿಗೆ ರೂಢಿ ಮಾಡಿಸಿದ್ದು 1959ರ ಮಿನಿ. ಅದನ್ನು ರೂಪಿಸಿದವರು ಅಲೆಕ್ ಇಸ್ಸಿಗೋನಿಸ್. ನಮ್ಮ ಸರ್ಕಾರಿ ಕಚೇರಿಗಳ ಅಂಗಳದಲ್ಲಿ ದಶಕಗಳ ಕಾಲ ನಿಂತಿದ್ದ ಅಂಬಾಸಡರ್ ಕೂಡ ಅವರು ದುಡಿದ ಮನೆಯದೇ ಕೂಸು. ಒಂದು ಇಂದಿಗೂ ಹೊಸದು, ಇನ್ನೊಂದು ನೆನಪಿನ ಪಾಲು. ಹೀಗೇಕಾಯಿತೆಂದು ತಿಳಿಯಲು ಆ ಮನುಷ್ಯನ ಬದುಕನ್ನು ನೋಡಬೇಕು.

ಇಸ್ಸಿಗೋನಿಸ್ ಹುಟ್ಟಿದ್ದು 1906ರ ನವೆಂಬರ್ 18ರಂದು, ಆಗ ಒಟ್ಟೋಮನ್ ಸಾಮ್ರಾಜ್ಯದಲ್ಲಿದ್ದ ಸ್ಮಿರ್ನಾ ಬಂದರಿನಲ್ಲಿ. ಇಂದು ಅದು ಟರ್ಕಿಯ ಇಜ್ಮಿರ್. ತಂದೆ ಗ್ರೀಕ್ ಮೂಲದ ಬ್ರಿಟಿಷ್ ಪ್ರಜೆ, ಎಂಜಿನಿಯರಿಂಗ್ ಕಾರ್ಖಾನೆಯೊಂದರ ಒಡೆಯ. ತಾಯಿ ಜರ್ಮನ್ ಮೂಲದವರು. ಗ್ರೀಕ್ ಮತ್ತು ಟರ್ಕಿಗಳ ಯುದ್ಧದ ಕೊನೆಯಲ್ಲಿ, 1922ರಲ್ಲಿ, ಸ್ಮಿರ್ನಾ ಬೆಂಕಿಗೆ ಆಹುತಿಯಾಯಿತು. ಬ್ರಿಟಿಷ್ ಪ್ರಜೆಗಳನ್ನು ಹಡಗಿನಲ್ಲಿ ಮಾಲ್ಟಾಕ್ಕೆ ಸಾಗಿಸಲಾಯಿತು. ತಂದೆ ಅಲ್ಲಿಯೇ ತೀರಿಕೊಂಡರು. ಮನೆ, ಆಸ್ತಿ, ಊರು ಎಲ್ಲವನ್ನೂ ಕಳೆದುಕೊಂಡ ಹದಿಹರೆಯದ ಹುಡುಗ ತಾಯಿಯೊಡನೆ ಲಂಡನ್ ಸೇರಿದ. ಬ್ಯಾಟರ್ಸಿ ಪಾಲಿಟೆಕ್ನಿಕ್‌ನಲ್ಲಿ ಓದಿದ. ಗಣಿತದ ಪರೀಕ್ಷೆಯಲ್ಲಿ ಮೂರು ಬಾರಿ ನಪಾಸಾದ. ಆದರೆ ಪೆನ್ಸಿಲ್ ಹಿಡಿದರೆ ಕೈ ತಡವರಿಸುತ್ತಿರಲಿಲ್ಲ. ಮುಂದೆ ಅವರ ಕಾರುಗಳೆಲ್ಲ ಹುಟ್ಟಿದ್ದು ಕಾಗದದ ಮೇಲೆ ಬರಿಗೈಯಲ್ಲಿ ಎಳೆದ ಗೆರೆಗಳಿಂದಲೇ.

1936ರಲ್ಲಿ ಅವರು ಆಕ್ಸ್‌ಫರ್ಡ್ ಬಳಿಯ ಮಾರಿಸ್ ಕಾರ್ಖಾನೆ ಸೇರಿದರು. ಎರಡನೆಯ ಮಹಾಯುದ್ಧ ನಡೆದಿರುವಾಗಲೇ, ಯುದ್ಧಾನಂತರದ ಬಡ ಬ್ರಿಟನ್ನಿಗೆ ಬೇಕಾಗುವ ಸಣ್ಣ ಕಾರಿನ ಚಿತ್ರ ಅವರ ಮೇಜಿನ ಮೇಲಿತ್ತು. ಮಾದರಿ ಸಿದ್ಧವಾದ ಮೇಲೆ ಅದು ತೀರ ಕಿರಿದಾಯಿತೆಂದು ಅವರಿಗೆ ಅನಿಸಿತು. ಕಾರನ್ನು ಉದ್ದಕ್ಕೂ ಎರಡಾಗಿ ಸೀಳಿಸಿ, ಎರಡು ಹೋಳುಗಳನ್ನು ದೂರ ಸರಿಸುತ್ತ ಹೋಗಿ, ಕಣ್ಣಿಗೆ ಸರಿಯೆನಿಸಿದಲ್ಲಿ ನಿಲ್ಲಿಸಿದರು. ಅಗಲ 4 ಅಂಗುಲ ಹೆಚ್ಚಿತು. ಬಂಪರ್‌ಗಳು ಅಷ್ಟರಲ್ಲಿ ತಯಾರಾಗಿದ್ದುದರಿಂದ ಅವನ್ನು ನಡುವೆ ಕತ್ತರಿಸಿ ತುಂಡು ಸೇರಿಸಬೇಕಾಯಿತು. 1948ರಲ್ಲಿ ಹೊರಬಂದ ಆ ಮಾರಿಸ್ ಮೈನರ್ ಕಂಪನಿಯ ಒಡೆಯ ಲಾರ್ಡ್ ನಫೀಲ್ಡ್‌ಗೆ ಹಿಡಿಸಲಿಲ್ಲ. ಜನಕ್ಕೆ ಹಿಡಿಸಿತು, 1970ರ ದಶಕದ ಆರಂಭದವರೆಗೆ 16 ಲಕ್ಷದಷ್ಟು ತಯಾರಾಯಿತು.

1956ರ ಸೂಯೆಜ್ ಬಿಕ್ಕಟ್ಟು ಅವರ ಬದುಕಿನ ದೊಡ್ಡ ತಿರುವು. ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ರೇಷನ್ ಬಂತು. ಮಾರಿಸ್ ಮತ್ತು ಆಸ್ಟಿನ್ 1952ರಲ್ಲಿ ಕೂಡಿ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ ಆಗಿದ್ದವು; ಅದರ ಮುಖ್ಯಸ್ಥ ಲೆನಾರ್ಡ್ ಲಾರ್ಡ್ ನಿಜವಾದ ಸಣ್ಣ ಕಾರೊಂದನ್ನು ಬೇಗ ಮಾಡಿಕೊಡಬೇಕೆಂದು ಇಸ್ಸಿಗೋನಿಸ್ ಅವರಿಗೆ ಹೇಳಿದರು. ಒಂದೇ ನಿಬಂಧನೆ: ಕಂಪನಿಯಲ್ಲಿ ಈಗಾಗಲೇ ಇರುವ ಎಂಜಿನ್ನನ್ನೇ ಬಳಸಬೇಕು.

ಇಸ್ಸಿಗೋನಿಸ್ ಲೆಕ್ಕಾಚಾರ ಆರಂಭಿಸಿದ್ದು ಎಂಜಿನ್ನಿನಿಂದಲ್ಲ, ಒಳಗೆ ಕೂರುವ ನಾಲ್ವರಿಂದ. ಕಾರಿನ ಉದ್ದ 10 ಅಡಿ. ಅದರಲ್ಲಿ ಸುಮಾರು ಶೇ 80ರಷ್ಟು ಜಾಗ ಜನರಿಗೆ ಮತ್ತು ಅವರ ಸಾಮಾನಿಗೆ. ಉಳಿದುದರಲ್ಲಿ ಯಂತ್ರ ಹೊಂದಿಕೊಳ್ಳಬೇಕು. ಹಾಗಾಗಿ ಎಂಜಿನ್ ಅಡ್ಡ ತಿರುಗಿತು, ಗೇರ್‌ಬಾಕ್ಸ್ ಅದರ ಕೆಳಗಿನ ಎಣ್ಣೆಯ ತೊಟ್ಟಿಯೊಳಗೆ ಸೇರಿತು, ಚಕ್ರಗಳು 10 ಅಂಗುಲಕ್ಕೆ ಇಳಿದು ನಾಲ್ಕು ಮೂಲೆಗಳಿಗೆ ಸರಿದವು. ಉಕ್ಕಿನ ಸ್ಪ್ರಿಂಗ್ ಬದಲು ಗೆಳೆಯ ಅಲೆಕ್ಸ್ ಮೌಲ್ಟನ್ ರೂಪಿಸಿದ ರಬ್ಬರ್ ಶಂಕುಗಳು ಬಂದವು. ಕಿಟಕಿಯ ಗಾಜು ಕೆಳಗಿಳಿಯದೆ ಪಕ್ಕಕ್ಕೆ ಸರಿಯುವಂತೆ ಮಾಡಿದ್ದರಿಂದ ಬಾಗಿಲಿನೊಳಗೆ ಸಾಮಾನಿಡುವ ಜಾಗ ದೊರೆಯಿತು. 1959ರ ಆಗಸ್ಟ್ 26ರಂದು ಮಿನಿ ಹೊರಬಂತು. ಅದರ ಅಂದ ಅಲಂಕಾರದ್ದಲ್ಲ. ತೆಗೆಯಲು ಇನ್ನೇನೂ ಉಳಿಯದಂತೆ ತೆಗೆದ ಮೇಲೆ ಮಿಕ್ಕ ಆಕಾರ ಅದು. ಆ ಕಾಲದ ಕಾರುಗಳ ಬಾಲದ ರೆಕ್ಕೆಗಳೂ ಕ್ರೋಮಿಯಂ ಪಟ್ಟಿಗಳೂ ತಮ್ಮ ವಯಸ್ಸನ್ನು ತಾವೇ ಸಾರುತ್ತವೆ. ಮಿನಿಯ ಮೈಮೇಲೆ ಹಾಗೆ ಸಾರುವಂಥದು ಕಡಿಮೆ.

ಆ ವಿನ್ಯಾಸ ಅಲ್ಲಿಗೇ ನಿಲ್ಲಲಿಲ್ಲ. ಇಟಲಿಯ ದಾಂತೆ ಜಿಯಾಕೋಸಾ 1964ರ ಆಟೋಬಿಯಾಂಕಿ ಪ್ರಿಮುಲಾದಲ್ಲಿ ಗೇರ್‌ಬಾಕ್ಸನ್ನು ಎಂಜಿನ್ನಿನ ಅಡಿಯಿಂದ ಪಕ್ಕಕ್ಕೆ ತಂದರು. ತಯಾರಿಸಲೂ ರಿಪೇರಿ ಮಾಡಲೂ ಅದು ಸುಲಭವಾಯಿತು. ಈ ತಿದ್ದುಪಡಿಯೊಡನೆ ಇಸ್ಸಿಗೋನಿಸ್ ಅವರ ಆಲೋಚನೆ ಯುರೋಪನ್ನೂ ಜಪಾನನ್ನೂ ಹಾದು, 1983ರ ಡಿಸೆಂಬರಿನಲ್ಲಿ ಮಾರುತಿ 800 ರೂಪದಲ್ಲಿ ನಮ್ಮಲ್ಲಿಗೂ ಬಂತು. ಹಾನಗಲ್, ಹಿರೇಕೆರೂರು, ಸವಣೂರುಗಳ ಮಧ್ಯಮವರ್ಗದ ಮನೆಗಳಿಗೆ ಮೊದಲ ಕಾರು ಬಂದದ್ದು ಹೆಚ್ಚಾಗಿ ಈ ಬಗೆಯ ಕಾರುಗಳಿಂದಲೇ.

ಇಸ್ಸಿಗೋನಿಸ್ ಅವರ ಕೊರತೆಗಳನ್ನು ಮುಚ್ಚಿಡಬೇಕಿಲ್ಲ. ಮೊದಲ ಮಿನಿಗಳ ನೆಲಕ್ಕೆ ಮಳೆನೀರು ನುಗ್ಗುತ್ತಿತ್ತು. ತೆರಿಗೆ ಸೇರಿ ಅದರ ಬೆಲೆ 500 ಪೌಂಡಿಗಿಂತ ಕಡಿಮೆ. ಪ್ರತಿಸ್ಪರ್ಧಿ ಫೋರ್ಡ್ ಕಂಪನಿಯವರು ಒಂದು ಮಿನಿಯನ್ನು ಬಿಡಿಬಿಡಿಯಾಗಿ ಬಿಚ್ಚಿ ಲೆಕ್ಕ ಹಾಕಿ, ಆ ಬೆಲೆಗೆ ಮಾರಿದರೆ ನಷ್ಟವೆಂಬ ತೀರ್ಮಾನಕ್ಕೆ ಬಂದಿದ್ದರು. ಬಳಸುವವನಿಗೆ ಆಗುವ ಉಪಯೋಗ ಒಂದು, ಮಾಡುವವನಿಗೆ ದಕ್ಕುವ ಲಾಭ ಇನ್ನೊಂದು ಎಂಬ ಅರ್ಥಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಹೆಸರು ಬಂದ ಮೇಲೆ ಇಸ್ಸಿಗೋನಿಸ್ ಹಟಮಾರಿಯಾದರು; ಮಾರುಕಟ್ಟೆಯ ಸಮೀಕ್ಷೆಗಳಲ್ಲಿ ಅವರಿಗೆ ನಂಬಿಕೆಯಿರಲಿಲ್ಲ. 1968ರಲ್ಲಿ ಬ್ರಿಟಿಷ್ ಲೇಲ್ಯಾಂಡ್ ರಚನೆಯಾದಾಗ ಬದಿಗೆ ಸರಿಯಬೇಕಾಯಿತು. 1969ರಲ್ಲಿ ಸರ್ ಪದವಿ ಬಂತು, 1971ರಲ್ಲಿ ನಿವೃತ್ತಿ. ಮದುವೆಯಾಗದೆ, ತಾಯಿಯನ್ನು ಕೊನೆಯವರೆಗೂ ಜತೆಯಲ್ಲಿರಿಸಿಕೊಂಡಿದ್ದ ಅವರು 1988ರ ಅಕ್ಟೋಬರ್ 2ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ನಿಧನರಾದರು.

ಇನ್ನು ಅಂಬಾಸಡರ್. 1948ರ ಮಾರಿಸ್ ಆಕ್ಸ್‌ಫರ್ಡ್ ಇಸ್ಸಿಗೋನಿಸ್ ಅವರದೇ ವಿನ್ಯಾಸ. ಅದೇ ಹೆಸರಿನ ಮೂರನೆಯ ಸರಣಿಯ ಕಾರನ್ನು ಹಿಂದೂಸ್ತಾನ್ ಮೋಟರ್ಸ್ 1950ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಡರ್ ಎಂದು ತಯಾರಿಸತೊಡಗಿತು. ಇಸ್ಸಿಗೋನಿಸ್ 1952ರಲ್ಲೇ ಮಾರಿಸ್ ಬಿಟ್ಟು ಕೆಲವು ವರ್ಷ ಬೇರೆಡೆ ಇದ್ದುದರಿಂದ ಅದನ್ನು ಪೂರ್ತಿ ಅವರ ಕೃತಿಯೆನ್ನಲಾಗದು. ಆದರೂ ವಂಶದ ಲಕ್ಷಣ ಅದರಲ್ಲಿತ್ತು: ಎತ್ತರದ ಸೀಟು, ಕಾಲು ಚಾಚುವಷ್ಟು ಜಾಗ, ಕೆಟ್ಟ ರಸ್ತೆಗೆ ಜಗ್ಗದ ಮೈಕಟ್ಟು. ನನ್ನ ಸೇವಾವಧಿಯ ಎಷ್ಟೋ ಪ್ರವಾಸಗಳು ಅದರ ಹಿಂದಿನ ಸೀಟಿನಲ್ಲೇ ನಡೆದಿವೆ. ಅದರ ಉಪಕಾರವನ್ನು ಮರೆಯಲಾರೆ. ಆದರೆ ಲೈಸೆನ್ಸು, ಆಮದು ನಿರ್ಬಂಧಗಳ ಆ ಕಾಲದಲ್ಲಿ ಕೊಳ್ಳುವವರು ವರ್ಷಗಟ್ಟಲೆ ಸರದಿಯಲ್ಲಿ ನಿಲ್ಲುತ್ತಿದ್ದರು. ಸರದಿ ಉದ್ದವಿರುವಾಗ ಮಾರುವವನಿಗೆ ವಿನ್ಯಾಸ ತಿದ್ದುವ ಅಗತ್ಯವಾದರೂ ಏನು? ದೀಪ, ಜಾಲರಿ, ಕೊನೆಗೆ ಎಂಜಿನ್ ಬದಲಾದವು. ಮೂಲ ದೇಹ ಬದಲಾಗಲಿಲ್ಲ. 1993ರಲ್ಲಿ ಕಾರು ಉದ್ಯಮ ಲೈಸೆನ್ಸಿನಿಂದ ಮುಕ್ತವಾಯಿತು. 2014ರ ಮೇ ತಿಂಗಳಲ್ಲಿ ಅಂಬಾಸಡರ್ ತಯಾರಿಕೆ ನಿಂತಿತು. ಮಿನಿಯನ್ನು ಪೈಪೋಟಿ ತಿದ್ದಿತು. ಅಂಬಾಸಡರನ್ನು ರಕ್ಷಣೆ ಹಳತಾಗಿಸಿತು.

ಈ ಮಾತನ್ನು ಇಂದು ನೆನೆಯಲು ಕಾರಣವಿದೆ. ದೇಶದಲ್ಲಿ ಮಾರಾಟವಾಗುವ ಪ್ರಯಾಣಿಕ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಎತ್ತರದ, ಭಾರದ ಎಸ್‌ಯುವಿ ಮಾದರಿಗಳು. ಬಿಎಂಡಬ್ಲ್ಯು ತಯಾರಿಸುತ್ತಿರುವ ಇಂದಿನ ಮಿನಿ ಕೂಡ ಮೂಲ ಮಿನಿಗಿಂತ ಮುಕ್ಕಾಲು ಮೀಟರಿಗೂ ಹೆಚ್ಚು ಉದ್ದ. ಅಕ್ಕಿಆಲೂರಿನ ಪೇಟೆಯ ಅಗಲ ಎತ್ತಿನ ಗಾಡಿಯ ಕಾಲದ್ದು. ಅಲ್ಲಿ ಇಂಥ ಎರಡು ವಾಹನ ಎದುರಾದರೆ ನಡೆಯುವವರು ಅಂಗಡಿಯ ಮೆಟ್ಟಿಲು ಹತ್ತಬೇಕು. ಎಷ್ಟೋ ಸಲ ಒಳಗಿರುವವರು ಒಬ್ಬರೇ.

2006ರ ಬಜೆಟ್ಟಿನಲ್ಲಿ 4 ಮೀಟರ್ ಒಳಗಿನ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಲಾಯಿತು. ಜಿಎಸ್‌ಟಿಯಲ್ಲೂ ಆ ಗೆರೆ ಉಳಿದಿದೆ. ಕಂಪನಿಗಳು ಆ ಗೆರೆಯೊಳಗೇ ಉದ್ದ ನಿಲ್ಲಿಸಿ ಎತ್ತರವನ್ನೂ ಭಾರವನ್ನೂ ಬೆಳೆಸಿಕೊಂಡವು. ತೆರಿಗೆ ಅಳೆಯಬೇಕಾದದ್ದು ಉದ್ದವನ್ನಷ್ಟೇ ಅಲ್ಲ. ವಾಹನ ರಸ್ತೆಯ ಎಷ್ಟು ನೆಲ ಹಿಡಿಯುತ್ತದೆ, ಎಷ್ಟು ಭಾರ ಹೇರುತ್ತದೆ ಎಂಬುದನ್ನೂ. ನಾಲ್ವರು ನೆಮ್ಮದಿಯಾಗಿ ಕೂರಲು ಎಷ್ಟು ಜಾಗ ಸಾಕು ಎಂದು ಇಸ್ಸಿಗೋನಿಸ್ 10 ಅಡಿಯಲ್ಲಿ ತೋರಿಸಿಕೊಟ್ಟಿದ್ದಾರೆ. ನೀತಿ ರೂಪಿಸುವವರು ಅಲ್ಲಿಂದ ಆರಂಭಿಸುವುದು ಒಳ್ಳೆಯದು.