ಇಂದಿನ ಚಿಂತನೆ: ಚೀವರದಲ್ಲೇ ಉಳಿದ ರಾಜಕುಮಾರ



ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರು ಕತ್ತಿ ಹಿರಿದ ಕಥೆಗಳು ಇತಿಹಾಸದ ತುಂಬ ಇವೆ. ಹನಿ ರಕ್ತವೂ ಬೀಳದೆ ಸಿಂಹಾಸನ ಕೈತಪ್ಪಿದ ಒಬ್ಬನ ಬದುಕನ್ನು ಇಂದು ನೋಡೋಣ. ಆತ ಸಯಾಮಿನ, ಅಂದರೆ ಇಂದಿನ ಥಾಯ್ಲೆಂಡಿನ, ರಾಜಕುಮಾರ ಮೊಂಗ್‌ಕುಟ್.

1804ರಲ್ಲಿ ಹುಟ್ಟಿದ ಮೊಂಗ್‌ಕುಟ್ ಎರಡನೇ ರಾಮನೆಂಬ ಅರಸನಿಗೆ ಪಟ್ಟದರಾಣಿಯಲ್ಲಿ ಹುಟ್ಟಿದ ಮಗ. ಪ್ರಾಯಕ್ಕೆ ಬಂದ ಗಂಡುಮಕ್ಕಳು ಕೆಲಕಾಲ ಭಿಕ್ಷುಗಳಾಗಿರುವುದು ಅಲ್ಲಿನ ರೂಢಿ. ಅದರಂತೆ 1824ರ ಜುಲೈಯಲ್ಲಿ ತಲೆ ಬೋಳಿಸಿಕೊಂಡು ವಿಹಾರ ಸೇರಿದ. ಎರಡೇ ವಾರದಲ್ಲಿ ತಂದೆ ತೀರಿಕೊಂಡ. ಮುಂದಿನ ಅರಸ ಯಾರೆಂದು ಹೇಳಿಯೂ ಇರಲಿಲ್ಲ.

ಉಪಪತ್ನಿಯ ಮಗನಾದ ಮಲಅಣ್ಣನಿಗೆ ಆಗ 36 ವರ್ಷ. ಹೊರದೇಶಗಳ ವ್ಯಾಪಾರ, ಆಡಳಿತ ಎಲ್ಲವೂ ಆತನ ಕೈಯಲ್ಲಿ ಪಳಗಿತ್ತು. ದರ್ಬಾರಿನ ಪ್ರಮುಖರು ಸೇರಿ ಆತನನ್ನೇ ಮೂರನೇ ರಾಮನನ್ನಾಗಿ ಕೂರಿಸಿದರು. ಹುಟ್ಟಿನ ಹಕ್ಕು ತಮ್ಮನದು, ಕಿರೀಟ ಅಣ್ಣನದು. ಮೊಂಗ್‌ಕುಟ್ ಚೀವರ ಕಳಚಲಿಲ್ಲ. ಇದನ್ನು ಆಗಲೇ ವೈರಾಗ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಚೀವರ ಬಿಟ್ಟು ಹೊರಬಂದ ರಾಜಕುಮಾರ ಆ ಕ್ಷಣದಿಂದಲೇ ಪ್ರತಿಸ್ಪರ್ಧಿ. ಇಪ್ಪತ್ತು ವರ್ಷದ ಹುಡುಗನಿಗೆ ಅದು ಗುರಾಣಿಯೂ ಆಗಿತ್ತು.

ಆದರೆ ಗುರಾಣಿಯ ಹಿಂದೆ ಆತ ಸುಮ್ಮನೆ ಕೂರಲಿಲ್ಲ. ಕಾರಣ ವಿವರಿಸದೆ ಗುರುಗಳು ಕಲಿಸಿದ ಧ್ಯಾನ ತೃಪ್ತಿ ಕೊಡಲಿಲ್ಲ. ಪಾಲಿ ಕಲಿತು ತಿಪಿಟಕವನ್ನೇ ತೆರೆದ. ವಿನಯದಲ್ಲಿ ಇರುವುದಕ್ಕೂ ತನ್ನ ಸುತ್ತಲಿನ ಭಿಕ್ಷುಗಳ ನಡವಳಿಕೆಗೂ ಇದ್ದ ಅಂತರ ಕಣ್ಣಿಗೆ ಹೊಡೆಯಿತು. ಮೋನ್ ಜನಾಂಗದ ಒಬ್ಬ ಭಿಕ್ಷುವಿನ ಕಟ್ಟುನಿಟ್ಟು ಕಂಡ ಮೇಲೆ ದಾರಿ ಸ್ಪಷ್ಟವಾಯಿತು. ಧಮ್ಮಯುತ್ತಿಕ ನಿಕಾಯ ಹುಟ್ಟಿದ್ದು ಹೀಗೆ. ಕ್ಯಾಥೊಲಿಕ್ ಬಿಷಪ್ ಪಾಲೆಗ್ವಾ ಅವರಿಗೆ ಪಾಲಿ ಕಲಿಸಿ ಅವರಿಂದ ಲ್ಯಾಟಿನ್ ಕಲಿತ. ಅಮೆರಿಕದ ಮಿಷನರಿಗಳಿಂದ ಇಂಗ್ಲಿಷ್ ಕಲಿತ. ಖಗೋಳ ಗಣಿತವಂತೂ ಆತನ ಹುಚ್ಚು.

ಅಣ್ಣನ ನಡತೆಯನ್ನೂ ಗಮನಿಸಬೇಕು. ಬ್ಯಾಂಕಾಕಿನ ಬೊವೊನ್ನಿವೇತ್ ವಿಹಾರಕ್ಕೆ ತಮ್ಮನನ್ನು ಮುಖ್ಯಸ್ಥನನ್ನಾಗಿ ಮಾಡಿದವನು ಆತನೇ. ತನ್ನ ಯಾವ ಮಡದಿಯನ್ನೂ ಪಟ್ಟದರಾಣಿಯಾಗಿ ಏರಿಸಲಿಲ್ಲ. ಹಾಗಾಗಿ ಆತನ ಗಂಡುಮಕ್ಕಳಲ್ಲಿ ಯಾರಿಗೂ ಮೊಂಗ್‌ಕುಟ್‌ಗಿಂತ ಮೇಲಿನ ಸ್ಥಾನ ಬರಲಿಲ್ಲ. ಮುನಿಸು ಇರಲಿಲ್ಲವೆಂದಲ್ಲ. ತಮ್ಮನ ಶಿಷ್ಯರು ಮೋನ್ ರೀತಿಯಲ್ಲಿ ಚೀವರ ಹೊದೆಯುವುದು ಅರಸನಿಗೆ ಹಿಡಿಸಿರಲಿಲ್ಲ, ಸಾಯುವ ಕಾಲಕ್ಕೂ ಅದನ್ನು ಆಡಿ ತೋರಿಸಿದ. ತಮ್ಮ ವಾದಕ್ಕೆ ನಿಲ್ಲದೆ ಹಳೆಯ ಪದ್ಧತಿಗೆ ಮರಳುವಂತೆ ಶಿಷ್ಯರಿಗೆ ಹೇಳಿದ.

1851ರ ಏಪ್ರಿಲ್‌ನಲ್ಲಿ ಅಣ್ಣ ತೀರಿಕೊಂಡಾಗ ಪ್ರಮುಖರು ವಿಹಾರದ ಬಾಗಿಲಿಗೆ ಬಂದರು. 27 ವರ್ಷಗಳ ಚೀವರ ಕಳಚಿ, 46ರ ವಯಸ್ಸಿನಲ್ಲಿ ಮೊಂಗ್‌ಕುಟ್ ನಾಲ್ಕನೇ ರಾಮನಾದ. ಸ್ವಂತ ತಮ್ಮ ಪಿನ್‌ಕ್ಲಾವ್‌ನನ್ನು ಎರಡನೇ ಅರಸನೆಂದು ಪಕ್ಕದಲ್ಲೇ ಇರಿಸಿಕೊಂಡ. ಆತನನ್ನು ಸಂತನೆಂದು ಭಾವಿಸಬೇಡಿ. ಅರಮನೆಯಲ್ಲಿ ಹತ್ತಾರು ಮಡದಿಯರು, ಎಂಬತ್ತರಷ್ಟು ಮಕ್ಕಳು. ಮಕ್ಕಳಿಲ್ಲದ ಉಪಪತ್ನಿಯರು ಬಯಸಿದರೆ ಹೊರಹೋಗಿ ಬೇರೆ ಮದುವೆಯಾಗಬಹುದೆಂದು ಕಟ್ಟಳೆ ಹೊರಡಿಸಿದವನೂ ಇದೇ ಅರಸ.

1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣ ಎಲ್ಲಿ, ಎಷ್ಟು ಹೊತ್ತಿಗೆ ಕಾಣುವುದೆಂದು ಆತ ತಾನೇ ಲೆಕ್ಕ ಹಾಕಿದ್ದ. (ನಮ್ಮ ಜಮಖಂಡಿಯಲ್ಲೂ ಬ್ರಿಟಿಷ್ ವೀಕ್ಷಕರು ದೂರದರ್ಶಕ ಹಿಡಿದು ಕಾದಿದ್ದು ಇದೇ ಗ್ರಹಣಕ್ಕೆ.) ವಾ ಕೋ ಎಂಬ ಕಡಲತಡಿಯ ಜೌಗುನೆಲಕ್ಕೆ ವಿದೇಶಿ ಅತಿಥಿಗಳನ್ನು ಕರೆದೊಯ್ದ. ಲೆಕ್ಕ ಸರಿಯಾಯಿತು, ಆದರೆ ಮಲೇರಿಯಾ ಅಂಟಿತು.

ಅಕ್ಟೋಬರ್ 1, ಪವಾರಣೆಯ ಹುಣ್ಣಿಮೆ. ವರ್ಷಾವಾಸ ಮುಗಿಸಿದ ಭಿಕ್ಷುಗಳು ತಮ್ಮ ತಪ್ಪುಗಳನ್ನು ತೋರಿಸಿಕೊಡಿ ಎಂದು ಪರಸ್ಪರ ಕೇಳಿಕೊಳ್ಳುವ ದಿನ. ಹಾಸಿಗೆಯಲ್ಲಿದ್ದ ಅರಸ ಪಾಲಿ ಭಾಷೆಯಲ್ಲಿ ಒಂದು ಪತ್ರ ಬರೆಸಿ, ಸಂಘದ ಕ್ಷಮೆ ಕೋರಿ ವಿಹಾರಕ್ಕೆ ಕಳುಹಿಸಿದ. ಅದೇ ರಾತ್ರಿ ತೀರಿಕೊಂಡ.