31 ಸೆಂಟ್‌ನ ಕೆಂಪು ವೈನ್: ಜೆಫರ್ಸನ್ ನಾಲಿಗೆ, ಜೆಫರ್ಸನ್ ಲೆಕ್ಕ

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾವು ನಾಲ್ಕು ಜನ ರೂಮ್‌ಮೇಟ್‌ಗಳು ಸೇರಿ ವೈನ್‌ಗೊಂದು ಎಕ್ಸೆಲ್ ಶೀಟ್ ಮಾಡಿದ್ದೆವು. ಬಾಟಲಿಯ ಹೆಸರು, ಬೆಲೆ, ಹುಳಿ ಎಷ್ಟು, ಒಗರು ಎಷ್ಟು, ಮತ್ತೆ ಕೊಳ್ಳಬಹುದಾ ಅಂತ ಐದು ಕಾಲಂ. ಇಂಜಿನಿಯರಿಂಗ್ ಓದಿದವರಿಗೆ ಅಂಟುವ ಕಾಯಿಲೆ ಅದು, ನಗಬೇಡಿ. ಬರೀ ಕೆಂಪು ವೈನ್, ಬಾಟಲಿಗೆ 500 ರೂಪಾಯಿ ದಾಟಬಾರದು, ಸ್ಟೀಲ್ ಲೋಟ ನಡೆಯುತ್ತೆ ಅನ್ನೋದು ನಿಯಮ. ಎರಡೇ ತಿಂಗಳಲ್ಲಿ ಶೀಟ್ ಕೆಲಸಕ್ಕೆ ಬಾರದು ಅಂತ ಗೊತ್ತಾಯಿತು. ಒಬ್ಬನ ಹುಳಿ ಇನ್ನೊಬ್ಬನಿಗೆ ಒಗರು. ಒಬ್ಬನಿಗೆ ನಯವಾಗಿ ಕಂಡದ್ದು ಮತ್ತೊಬ್ಬನಿಗೆ ಸಪ್ಪೆ. ಅಳತೆಗೋಲೇ ಒಂದಾಗಿಲ್ಲ ಅಂದಮೇಲೆ ಅಂಕಿ ಬರೆದು ಏನು ಪ್ರಯೋಜನ?

ವರ್ಷಗಳ ನಂತರ, ಆ ಕೆಲಸ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದಮೇಲೆ, ಇದೇ ಸಮಸ್ಯೆಗೆ ತಲೆ ಕೆಡಿಸಿಕೊಂಡಿದ್ದ ಒಬ್ಬ ಮನುಷ್ಯನ ಕಾಗದ ಓದಿದೆ. 1819ರಲ್ಲಿ, ತನ್ನ 76ನೇ ವಯಸ್ಸಿನಲ್ಲಿ, ಮಾರ್ಸೇ ಬಂದರಿನಲ್ಲಿದ್ದ ಅಮೆರಿಕದ ಕಾನ್ಸಲ್‌ಗೆ ಆತ ಬರೆದದ್ದು. ವೈನ್ ಆರ್ಡರ್ ಮಾಡುವಾಗ ತಾನು ಬಳಸುವ ಪದಗಳು ಗೊಂದಲ ಹುಟ್ಟಿಸುತ್ತಿವೆ ಅನ್ನಿಸಿ, ಆತ ಕೂತು ಒಂದೊಂದಕ್ಕೂ ಅರ್ಥ ಕಟ್ಟಿದ್ದಾನೆ. ಸಿಹಿ ಅಂದರೆ ಯಾವ ವೈನಿನ ರುಚಿ, ಹುಳಿ ಅಂದರೆ ಯಾವುದರದು, ಸಿಹಿಯೂ ಹುಳಿಯೂ ಇಲ್ಲದ್ದಕ್ಕೆ ಏನನ್ನಬೇಕು, ಒಗರು ಯಾವುದು, ಕೊಂಚವೇ ಸಿಹಿ ಸೋಕಿದ ರೇಷ್ಮೆಯಂಥ ನಯ ಯಾವುದು – ಎಲ್ಲದಕ್ಕೂ ಗೊತ್ತಿರುವ ವೈನುಗಳ ಉದಾಹರಣೆ ಕೊಟ್ಟು. ನಮ್ಮ ಶೀಟಿಗೆ ಬೇಕಾಗಿದ್ದದ್ದು ಇದೇ.

ಬರೆದವನು ಥಾಮಸ್ ಜೆಫರ್ಸನ್.

ಈ ಸೈಟ್ ಓದುವವರಿಗೆ ಜೆಫರ್ಸನ್ ಪರಿಚಯ ಬೇಡ. ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದವನು, ಮೂರನೇ ಅಧ್ಯಕ್ಷ. ಎಲ್ಲರೂ ಸಮಾನರು ಅಂತ ಬರೆದು, ಜೀವಮಾನದಲ್ಲಿ 600ಕ್ಕೂ ಹೆಚ್ಚು ಜನರನ್ನು ಗುಲಾಮರಾಗಿ ಇಟ್ಟುಕೊಂಡವನು. ನಾನೂ ಅಲ್ಲಿಗೆ ಫೈಲ್ ಮುಚ್ಚಿಟ್ಟಿದ್ದೆ. ಆದರೆ ವೈನಿನ ದಾರಿಯಲ್ಲಿ ಹೋದರೆ ಈ ವಿರೋಧಾಭಾಸ ಭಾಷಣದ ಮಾತಾಗಿ ಉಳಿಯಲ್ಲ. ಒಂದೊಂದು ಬಾಟಲಿಯ ಲೆಕ್ಕವಾಗಿ ಎದುರಿಗೆ ಬರುತ್ತೆ.

ಹುಟ್ಟಿದ್ದು 1743ರಲ್ಲಿ, ವರ್ಜೀನಿಯಾದಲ್ಲಿ. ವಿಲಿಯಮ್ಸ್‌ಬರ್ಗ್‌ನಲ್ಲಿ ಓದುತ್ತಿದ್ದಾಗ ಬ್ರಿಟಿಷ್ ಗವರ್ನರ್ ಫ್ರಾನ್ಸಿಸ್ ಫೋಕಿಯರ್‌ನ ಊಟದ ಮೇಜಿಗೆ ಪ್ರವೇಶ ಸಿಕ್ಕಿತ್ತು. ಆಗಿನ ವರ್ಜೀನಿಯಾದ ಜಮೀನ್ದಾರರ ನಾಲಿಗೆ ಇಂಗ್ಲಿಷರದ್ದು: ಮದೀರಾ, ಪೋರ್ಟ್, ಬ್ರಾಂದಿ ಸೇರಿಸಿ ಗಟ್ಟಿ ಮಾಡಿದ ಬಾಟಲಿಗಳು. 1773ರಲ್ಲಿ ಫಿಲಿಪ್ ಮಾಜೇ ಅನ್ನುವ ಇಟಲಿಯವನು ಬಂದು ಜೆಫರ್ಸನ್ ಮನೆಯ ಪಕ್ಕದಲ್ಲೇ ದ್ರಾಕ್ಷಿ ಹಾಕಿದ. ಯುದ್ಧದ ಸಮಯದಲ್ಲಿ ಆ ಜಾಗವನ್ನು ಬಾಡಿಗೆಗೆ ಪಡೆದ ಜರ್ಮನ್ ಸೇನಾಧಿಕಾರಿಯ ಕುದುರೆಗಳು ಬಳ್ಳಿಗಳನ್ನೆಲ್ಲ ತುಳಿದು ಮುಗಿಸಿದವು. ಅಲ್ಲಿಗೆ ಆ ಕಥೆ ನಿಂತಿತು.

ನಿಜವಾದ ಪಾಠ ಶುರುವಾಗಿದ್ದು 1784ರಲ್ಲಿ, ಪ್ಯಾರಿಸ್‌ಗೆ ಹೋದಮೇಲೆ. ಮರುವರ್ಷ ಬೆಂಜಮಿನ್ ಫ್ರಾಂಕ್ಲಿನ್ ಜಾಗದಲ್ಲಿ ರಾಯಭಾರಿಯಾದ. ಜೊತೆಗೆ ಕರೆದೊಯ್ದಿದ್ದವರಲ್ಲಿ 19ರ ಹುಡುಗ ಜೇಮ್ಸ್ ಹೆಮಿಂಗ್ಸ್ ಇದ್ದ. ಫ್ರೆಂಚ್ ಅಡುಗೆ ಕಲಿಯಲಿ ಅಂತ ಕರೆತಂದ ಗುಲಾಮ. ಯಜಮಾನ ವೈನ್ ಕಲಿತ, ಹುಡುಗ ಒಲೆಯ ಮುಂದೆ ನಿಂತು ಅಡುಗೆ ಕಲಿತ. ಈ ಹೆಸರು ನೆನಪಿಟ್ಟುಕೊಳ್ಳಿ.

1787ರ ಫೆಬ್ರವರಿ ಕೊನೆಯಲ್ಲಿ ಜೆಫರ್ಸನ್ ದಕ್ಷಿಣಕ್ಕೆ ಹೊರಟ. ಮುರಿದ ಬಲ ಮಣಿಕಟ್ಟಿಗೆ ಎಕ್ಸ್ ಊರಿನ ಖನಿಜ ನೀರಿನ ಚಿಕಿತ್ಸೆ ಅನ್ನೋದು ಒಂದು ಕಾರಣ. ಮೂರು ತಿಂಗಳಿಗೂ ಹೆಚ್ಚು ಸುತ್ತಾಡಿದ. ಈ ಪ್ರವಾಸದ ಟಿಪ್ಪಣಿಗಳೇ ನನಗೆ ಆತನ ಅತಿ ಒಳ್ಳೆಯ ಬರವಣಿಗೆ. ಘೋಷಣೆಗಿಂತಲೂ ಅಂದರೆ ಜಗಳಕ್ಕೆ ಬರ್ತೀರಿ, ಇರಲಿ.

ಯಾಕೆ ಅಂದರೆ, ಆತ ಬುರ್ಗುಂಡಿಯಲ್ಲಿ ಬರೀ ವೈನ್ ರುಚಿ ನೋಡಲಿಲ್ಲ, ತೋಟದ ಕೂಲಿಯವರು ತಿನ್ನೋ ರೊಟ್ಟಿ ನೋಡಿದ. ಪೊಮಾರ್ ಮತ್ತು ವೊಲ್ನೇ ಹಳ್ಳಿಗಳಲ್ಲಿ ಒಳ್ಳೆಯ ಗೋಧಿ ರೊಟ್ಟಿ. ಕೂಗಳತೆಯ ದೂರದ ಮ್ಯೂರ್ಸೊದಲ್ಲಿ ಕಪ್ಪು ರೈ ರೊಟ್ಟಿ. ಯಾಕೆ ಅಂತ ಕೇಳಿದ. ಮ್ಯೂರ್ಸೊ ನೆಲ ಕಲ್ಲು, ಅಲ್ಲಿ ಬಿಳಿ ವೈನ್ ಮಾತ್ರ. ಬಿಳಿ ಆಗಾಗ ಕೆಡುತ್ತೆ, ಮಾರಾಟವಾಗದೆ ಉಳಿಯುತ್ತೆ, ಹಾಗಾಗಿ ರೈತ ಕೂಲಿಯವರಿಗೆ ಒಳ್ಳೆಯ ರೊಟ್ಟಿ ಹಾಕಲಾರ ಅನ್ನೋ ಉತ್ತರ ಸಿಕ್ಕಿತು. ಅದನ್ನೂ ಬರೆದುಕೊಂಡ. ಮಣ್ಣು, ಬಣ್ಣ, ಮಾರುಕಟ್ಟೆ, ರೊಟ್ಟಿ – ಇಡೀ ಸರಪಳಿ ನಾಲ್ಕು ಸಾಲಿನಲ್ಲಿ. ಅದೇ ಪ್ರವಾಸದಲ್ಲಿ ಗೆಳೆಯ ಲಫಾಯೆತ್‌ಗೆ ಕಾಗದ ಬರೆದು, ವೇಷ ಮರೆಸಿಕೊಂಡು ಜನರ ಗುಡಿಸಲಿಗೆ ಹೋಗು, ಅವರ ಮಡಕೆಯೊಳಗೆ ಇಣುಕು, ಅವರ ರೊಟ್ಟಿ ತಿಂದು ನೋಡು ಅನ್ನುವ ಅರ್ಥದಲ್ಲಿ ಸಲಹೆ ಕೊಟ್ಟ. ಫ್ರಾನ್ಸ್‌ನ ಕ್ರಾಂತಿಗೆ ಇನ್ನೆರಡೇ ವರ್ಷ ಬಾಕಿ.

ಬೆಲೆಯ ವಿಷಯದಲ್ಲೂ ಅದೇ ಕಣ್ಣು. ಶಾಂಬರ್ತೆನ್ ಥರದ ದೊಡ್ಡ ಹೆಸರಿನ ಕೆಂಪು ವೈನ್ ಬಾಟಲಿಗೆ 48 ಸೂ. ಪಕ್ಕದ ವೊಲ್ನೇ 12 ಸೂ. ಪರಿಮಳದಲ್ಲಿ ಎರಡೂ ಸಮ ಅನ್ನೋದು ಆತನ ತೀರ್ಪು. ಹಾಗಾದರೆ ನಾಲ್ಕು ಪಟ್ಟು ವ್ಯತ್ಯಾಸ ಎಲ್ಲಿಂದ? ವೊಲ್ನೇ ಹಗುರ, ಹೆಚ್ಚು ಕಾಲ ಇಟ್ಟರೆ ಉಳಿಯಲ್ಲ, ದೂರದ ಸಾಗಣೆ ತಡೆಯಲ್ಲ. ಅಂದರೆ ಹೆಚ್ಚಿನ 36 ಸೂ ಕೊಡೋದು ರುಚಿಗಲ್ಲ, ಬಾಳಿಕೆಗೆ. ವರ್ಷದೊಳಗೆ ಕುಡಿಯೋ ಉದ್ದೇಶ ಇದ್ದವನಿಗೆ ಅಗ್ಗದ್ದೇ ಮೇಲು ಅಂತಲೂ ಸೇರಿಸಿದ. ಕೈಗೆಟುಕುವ ವೈನನ್ನು ಅಳೆಯೋದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಇನ್ನೂ ಸಿಕ್ಕಿಲ್ಲ: ಬೆಲೆಯಲ್ಲಿ ಎಷ್ಟು ಪಾಲು ನಾಲಿಗೆಗೆ, ಎಷ್ಟು ಪಾಲು ಬೇರೆ ಯಾವುದಕ್ಕೋ ಹೋಗುತ್ತಿದೆ ಅಂತ ಬಿಡಿಸಿ ನೋಡೋದು.

ಮೇ ಕೊನೆಯಲ್ಲಿ ಬೋರ್ಡೋ ತಲುಪಿದ. ಅಲ್ಲಿ ಮೊದಲ ದರ್ಜೆಗೆ ನಾಲ್ಕು ತೋಟಗಳ ಹೆಸರು ಗುರುತು ಹಾಕಿಕೊಂಡ: ಮಾರ್ಗೋ, ಲತೂರ್, ಓ-ಬ್ರಿಯೋನ್, ಲಫೀತ್. 1855ರ ಅಧಿಕೃತ ವರ್ಗೀಕರಣ ಬಂದಾಗಲೂ ಮೊದಲ ಸಾಲಿನಲ್ಲಿದ್ದದ್ದು ಇವೇ ನಾಲ್ಕು. ಇದನ್ನು ಆತನ ಪವಾಡದ ನಾಲಿಗೆಗೆ ಸಾಕ್ಷಿ ಅನ್ನುವವರಿದ್ದಾರೆ. ನನಗೆ ಹಾಗನ್ನಿಸಲ್ಲ. ವ್ಯಾಪಾರಿಗಳ ಬೆಲೆಪಟ್ಟಿಯಲ್ಲಿ ಆಗಲೇ ಅದೇ ಕ್ರಮ ಇತ್ತು, ಈತ ನೀಟಾಗಿ ಬರೆದುಕೊಂಡ. ಆತನ ಸ್ವಂತದ್ದು ಇನ್ನೊಂದು ಹಟ: ಮಧ್ಯವರ್ತಿ ಬೇಡ, ತೋಟದ ಮಾಲೀಕನಿಂದ ನೇರ ಖರೀದಿ, ಅಲ್ಲೇ ಬಾಟಲಿಗೆ ತುಂಬಬೇಕು. ವ್ಯಾಪಾರಿಯ ಕೈಗೆ ಹೋದರೆ ಕಲಬೆರಕೆ ಆಗುತ್ತೆ ಅನ್ನೋ ಅನುಮಾನ.

1985ರಲ್ಲಿ ಲಂಡನ್‌ನಲ್ಲಿ, ಆತನ ಹೆಸರಿನ ಮೊದಲಕ್ಷರ ಕೆತ್ತಿದ 1787ರ ಲಫೀತ್ ಬಾಟಲಿಯೊಂದು 1,05,000 ಪೌಂಡ್‌ಗೆ ಹರಾಜಾಯಿತು. ಅದು ಆತನದ್ದು ಅನ್ನೋದಕ್ಕೆ ಆತನ ಲೆಕ್ಕದ ಪುಸ್ತಕಗಳಲ್ಲಿ ಆಧಾರ ಸಿಗಲಿಲ್ಲ. ಅದೇ ಗುಂಪಿನ ಬಾಟಲಿಗಳ ಅಕ್ಷರಗಳು ಆಧುನಿಕ ವಿದ್ಯುತ್ ಉಪಕರಣದ ಕೆತ್ತನೆ ಅಂತ ಮುಂದೆ ತಜ್ಞರು ಹೇಳಿದರು. ಜೆಫರ್ಸನ್ ಹೆಸರಿಗೆ ಆ ದುಡ್ಡು ಕೊಡುವವರಿಗೆ, ಮುಪ್ಪಿನಲ್ಲಿ ಆತ ಏನು ಕುಡಿಯುತ್ತಿದ್ದ ಅನ್ನೋದು ಬೇಕಾಗಿಲ್ಲ.

ಅಧ್ಯಕ್ಷನಾಗಿದ್ದ ಎಂಟು ವರ್ಷ, 1801ರಿಂದ 1809, ವೈನಿಗೆ ಖರ್ಚಾದದ್ದು ಸುಮಾರು 11 ಸಾವಿರ ಡಾಲರ್. ವರ್ಷದ ಸಂಬಳ 25 ಸಾವಿರ. ಸಂಸದರನ್ನು ಊಟಕ್ಕೆ ಕರೆದು ಮಾತಾಡಿಸೋದು ಆತನ ರಾಜಕಾರಣ, ಬಿಲ್ ಆತನದ್ದೇ. ನಿವೃತ್ತಿಯ ನಂತರ ಸಾಲ ಕುತ್ತಿಗೆಗೆ ಬಂತು. ಮಾವನಿಂದ ಬಂದ ಹಳೆಯ ಸಾಲ, ಮುಗಿಯದ ಮನೆ ಕಟ್ಟೋ ಹುಚ್ಚು, ಗೆಳೆಯನಿಗೆ ಹಾಕಿದ 20 ಸಾವಿರ ಡಾಲರ್ ಜಾಮೀನು – ವೈನ್ ಅದರಲ್ಲಿ ಒಂದು ಸಣ್ಣ ಪಾಲು ಅಷ್ಟೇ. ಬೋರ್ಡೋದ ದೊಡ್ಡ ಹೆಸರುಗಳು ಪಟ್ಟಿಯಿಂದ ಇಳಿದವು. ದಕ್ಷಿಣ ಫ್ರಾನ್ಸ್‌ನ, ಅಮೆರಿಕದಲ್ಲಿ ಯಾರೂ ಕೇಳಿರದ ವೈನುಗಳು ಏರಿದವು.

ನನ್ನ ಪ್ರಕಾರ ಆತ ನಿಜವಾದ ರುಚಿ ತಜ್ಞನಾದದ್ದು ಇಲ್ಲಿ. ದುಡ್ಡಿದ್ದಾಗ ಲಫೀತ್ ಒಳ್ಳೆಯದು ಅನ್ನೋದಕ್ಕೆ ಯಾವ ನಾಲಿಗೆ ಬೇಕು? ನೀಸ್ ಹತ್ತಿರದ ಬೆಲ್ಲೇ ಅನ್ನುವ ಜಾಗದ ಕೆಂಪನ್ನು ಹುಡುಕಿ, ದಿನನಿತ್ಯದ ಊಟಕ್ಕೆ ಜಗತ್ತಿನಲ್ಲೇ ಇಷ್ಟು ಸೊಗಸಿನದ್ದು ಬೇರೆ ಇಲ್ಲ ಅಂತ ತೀರ್ಪು ಕೊಟ್ಟ. ಬಾಟಲಿಗೆ 31 ಸೆಂಟ್. ನೀಮ್ ಹತ್ತಿರದ ಲೆದನೋನ್‌ನಲ್ಲಿ ಪೋರ್ಟ್‌ನ ಛಾಯೆ ಕಂಡ, ಆದರೆ ಒಗರು ಕಡಿಮೆ, ಪರಿಮಳ ಹೆಚ್ಚು. ಎಲ್ಲಕ್ಕಿಂತ ಮಜಾ ಮಾರ್ಸೇಯ ಬೆರ್ಗಾಸ್ ಮನೆತನದ್ದು. ಅವರ ನೆಲದಡಿಯ ಭಾರಿ ಉಗ್ರಾಣವನ್ನು ಆತ 1787ರಲ್ಲೇ ನೋಡಿ ಬಂದಿದ್ದ. ಬೇರೆ ಬೇರೆ ದ್ರಾಕ್ಷಿ ಬೆರೆಸಿ ಬೋರ್ಡೋವನ್ನು ಅನುಕರಿಸೋ ವೈನ್ ಅದು. ಬೆರಕೆ ಅಂದರೆ ಉರಿದು ಬೀಳುತ್ತಿದ್ದ ಮನುಷ್ಯ ಅದನ್ನು ಒಪ್ಪಿದ. ದ್ರಾಕ್ಷಿರಸವೇ ಹೌದು, ಬ್ರಾಂದಿ ಸೇರಿಸಿಲ್ಲ, ಬೆರೆಸಿದ್ದನ್ನು ಮುಚ್ಚಿಟ್ಟಿಲ್ಲ. ಅಷ್ಟು ಸಾಕು.

1818ರಲ್ಲಿ ದಕ್ಷಿಣ ಕೆರೊಲಿನಾದ ಗೆಳೆಯನೊಬ್ಬನಿಗೆ ಈ ವೈನುಗಳ ಒಂದು ಪೆಟ್ಟಿಗೆ ಕಳಿಸಿ, ಗಟ್ಟಿ ವೈನಿನ ಚಟದಿಂದ ಅಲ್ಲಿನ ಜನರನ್ನು ಬಿಡಿಸಲು ನೋಡಿದ. ಅದೇ ವರ್ಷ ಆಮದು ಸುಂಕ ಇಳಿಸುವ ಪರ ಕಾಗದಗಳನ್ನು ಬರೆದ. ವೈನ್ ಮೇಲಿನ ತೆರಿಗೆ ಶ್ರೀಮಂತರ ಮೇಲಿನ ತೆರಿಗೆ ಅನ್ನೋದು ತಪ್ಪು ತಿಳುವಳಿಕೆ, ಅದು ಮಧ್ಯಮ ವರ್ಗಕ್ಕೆ ಹಾಕಿದ ನಿಷೇಧ, ಅವರನ್ನು ವಿಸ್ಕಿಯೆಂಬ ವಿಷಕ್ಕೆ ದೂಡುತ್ತೆ ಅನ್ನೋದು ವಾದದ ಸಾರ. 1819ರಲ್ಲಿ ಕಾಂಗ್ರೆಸ್ ಕೆಲವು ವೈನುಗಳ ಸುಂಕ ಇಳಿಸಿತು.

ಅಬಕಾರಿ ಅಂದರೆ ಖಜಾನೆ ಅಂತಲೇ ಯೋಚಿಸುವ ರಾಜ್ಯದಲ್ಲಿ ಕೂತು ಓದಿದರೆ ಈ ವಾದ ಹಿತವಾಗೇ ಇದೆ. ಆದರೆ ಆತ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ದೇಶದೊಳಗಿನ ವಿಸ್ಕಿಗೆ ತೆರಿಗೆ ಇತ್ತು. 1802ರಲ್ಲಿ ಅದನ್ನು ರದ್ದು ಮಾಡಿದ್ದು ಇದೇ ಜೆಫರ್ಸನ್ ಸರ್ಕಾರ. ಪಶ್ಚಿಮದ ರೈತರ ಓಟು ಅದರ ಹಿಂದಿತ್ತು. ವಿಷವನ್ನು ಅಗ್ಗ ಮಾಡಿದ ಕೈ, 16 ವರ್ಷದ ನಂತರ ಔಷಧಿ ದುಬಾರಿ ಅಂತ ಕೊರಗಿತು.

ಇನ್ನು ಸ್ವಂತ ತೋಟದ ಕಥೆ. 1807ರಲ್ಲಿ 24 ಯುರೋಪಿಯನ್ ತಳಿಗಳನ್ನು ನೆಡಿಸಿದ. ಹಿಂದೆ ಮುಂದೆಯೂ ಎಷ್ಟೋ ಸಲ ಪ್ರಯತ್ನಪಟ್ಟ. ಅವುಗಳಿಂದ ವೈನ್ ಆಗಲಿಲ್ಲ. ಅಮೆರಿಕದ ಮಣ್ಣಿನಲ್ಲೇ ಇದ್ದ ಫಿಲಾಕ್ಸೆರಾ ಕೀಟ ಮತ್ತು ಶಿಲೀಂಧ್ರ ರೋಗಗಳನ್ನು ಆ ಬೇರುಗಳು ತಡೆಯಲಾರವು ಅನ್ನೋದು ಆಗ ಯಾರಿಗೂ ತಿಳಿದಿರಲಿಲ್ಲ. ತಡೆದು ನಿಂತದ್ದು ಸ್ಥಳೀಯ ರಕ್ತದ ತಳಿಗಳು. ಅಂಥದ್ದೊಂದು ಇಸಬೆಲ್ಲಾ. ನಾವು ಬೆಂಗಳೂರು ನೀಲಿ ಅಂತ ಕರೆಯೋ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯ ಬೀಜದ ದ್ರಾಕ್ಷಿ ಇದೇ ತಳಿ ಅಂತ ಗುರುತಿಸಲಾಗಿದೆ. ಅಗ್ಗದ ಸಿಹಿ ಪೋರ್ಟ್ ವೈನ್‌ಗೆ ಅದೇ ಹಣ್ಣು ಹೋಗುತ್ತೆ. ನಮ್ಮ ಶೀಟಿನಲ್ಲಿ ಅತಿ ಕಡಿಮೆ ಅಂಕ ತಗೊಂಡದ್ದು ಅಂಥ ಬಾಟಲಿಗಳೇ. ಈಗ ಸ್ವಲ್ಪ ಪಶ್ಚಾತ್ತಾಪ ಇದೆ.

ಮಾಂಟಿಸೆಲ್ಲೋ ಮನೆಯ ಊಟದ ಕೋಣೆಯಲ್ಲಿ ಅಗ್ಗಿಷ್ಟಿಕೆಯ ಎರಡೂ ಬದಿಯಲ್ಲಿ ಸಣ್ಣ ಬಾಗಿಲುಗಳಿವೆ. ಒಳಗೆ ರಾಟೆಯ ಲಿಫ್ಟ್. ಖಾಲಿ ಬಾಟಲಿ ಇಟ್ಟು ಕೆಳಗೆ ಬಿಟ್ಟರೆ ತುಂಬಿದ್ದು ಮೇಲೆ ಬರುತ್ತೆ. ಮೆಕ್ಯಾನಿಕಲ್ ಓದಿದ ನನಗೆ ಅದರ ಚಿತ್ರ ನೋಡಿದ ಕೂಡಲೇ ಖುಷಿಯಾಯಿತು, ಒಪ್ಪಿಕೊಳ್ಳಬೇಕು. ಆಮೇಲೆ ಹೊಳೆದದ್ದು: ಕೆಳಗೆ ನೆಲಮಾಳಿಗೆಯಲ್ಲಿ ಬಾಟಲಿ ಇಡಲು ಯಾರೋ ನಿಂತಿರಬೇಕಲ್ಲ. ಮೇಲಿನ ಅತಿಥಿಗಳಿಗೆ ಆ ಗುಲಾಮ ಕಾಣಬಾರದು, ಅವನಿಗೆ ಮೇಲಿನ ಮಾತು ಕೇಳಬಾರದು. ಯಂತ್ರದ ಕೆಲಸ ಅದೂ ಹೌದು.

ಫ್ರಾನ್ಸ್‌ನ ಕೂಲಿಯವರ ಮಡಕೆಯಲ್ಲಿ ಇಣುಕಿದವನಿಗೆ ತನ್ನ ಮನೆಯ ಮಡಕೆ ಗೊತ್ತಿರಲಿಲ್ಲ ಅಂತಲ್ಲ. ಆತನ ಕೃಷಿ ಲೆಕ್ಕದ ಪುಸ್ತಕದಲ್ಲಿ ಯಾರಿಗೆ ಎಷ್ಟು ಮೆಕ್ಕೆಜೋಳದ ಹಿಟ್ಟು, ಎಷ್ಟು ಉಪ್ಪುಮೀನು, ಯಾರಿಗೆ ಕಂಬಳಿ ಅನ್ನೋದು ಆತನದೇ ಅಕ್ಷರದಲ್ಲಿದೆ. ಮ್ಯೂರ್ಸೊದಲ್ಲಿ ಕೇಳಿದ ಯಾಕೆ ಅನ್ನೋ ಪ್ರಶ್ನೆ ಮಾತ್ರ ಆ ಪುಸ್ತಕದಲ್ಲಿಲ್ಲ.

ಜೇಮ್ಸ್ ಹೆಮಿಂಗ್ಸ್‌ಗೆ 1796ರಲ್ಲಿ ಬಿಡುಗಡೆ ಸಿಕ್ಕಿತು. ಷರತ್ತು: ತಾನು ಪ್ಯಾರಿಸ್‌ನಲ್ಲಿ ಕಲಿತ ಅಡುಗೆಯನ್ನು ಇನ್ನೊಬ್ಬನಿಗೆ ಕಲಿಸಿ ಹೋಗಬೇಕು. ತಮ್ಮ ಪೀಟರ್‌ಗೆ ಕಲಿಸಿದ. ಜೇಮ್ಸ್ 1801ರಲ್ಲಿ ತೀರಿಕೊಂಡ. ಪೀಟರ್ ಮಾಂಟಿಸೆಲ್ಲೋದಲ್ಲೇ ಉಳಿದ, 1813ರಿಂದ ಬಿಯರ್ ತಯಾರಿಸೋದನ್ನೂ ಕಲಿತ. ಅವನ ಬುದ್ಧಿವಂತಿಕೆಯನ್ನು ಜೆಫರ್ಸನ್ ಕಾಗದದಲ್ಲಿ ಮೆಚ್ಚಿಕೊಂಡಿದ್ದಾನೆ.

ಜೆಫರ್ಸನ್ ಸತ್ತದ್ದು 1826ರ ಜುಲೈ 4ರಂದು, ಘೋಷಣೆಗೆ 50 ವರ್ಷ ತುಂಬಿದ ದಿನ. ನೆಲಮಾಳಿಗೆಯಲ್ಲಿ ಉಳಿದಿದ್ದದ್ದು ಲೆದನೋನ್, ಬೆರ್ಗಾಸ್‌ನ ಕೆಂಪು, ಲಿಮೂದ ಬಿಳಿ, ಒಂದಷ್ಟು ಸಿಹಿ ಮಸ್ಕಟ್. ಸಾಲ 1 ಲಕ್ಷ 7 ಸಾವಿರ ಡಾಲರ್. ಉಯಿಲಿನಲ್ಲಿ ಬಿಡುಗಡೆಯಾದವರು ಐದು ಜನ. 1827ರ ಜನವರಿಯಲ್ಲಿ 130 ಮಂದಿಯನ್ನು ಹರಾಜಿಗೆ ನಿಲ್ಲಿಸಿದರು. ಅಧ್ಯಕ್ಷರ ಭವನದಲ್ಲಿ ಫ್ರೆಂಚ್ ಬಾಣಸಿಗನ ಕೈಕೆಳಗೆ ಪಳಗಿದ್ದ ಅಡುಗೆಯವಳು ಈಡಿತ್ ಫಾಸೆಟ್ ಅವರಲ್ಲಿದ್ದಳು. ಅವಳ ಗಂಡ ಉಯಿಲಿನಿಂದ ಬಿಡುಗಡೆಯಾದವರಲ್ಲಿ ಒಬ್ಬ. ಪೀಟರ್ ಹೆಮಿಂಗ್ಸ್‌ನನ್ನು ಸ್ವತಂತ್ರನಾಗಿದ್ದ ಬಂಧುವೊಬ್ಬ 1 ಡಾಲರ್‌ಗೆ ಕೊಂಡ. ಪೀಟರ್ ಆಮೇಲೆ ಶಾರ್ಲೆಟ್ಸ್‌ವಿಲ್‌ನಲ್ಲಿ ಸ್ವತಂತ್ರನಾಗಿ ದರ್ಜಿ ಕೆಲಸ ಮಾಡಿಕೊಂಡಿದ್ದ.